ಬತ್ತುವ ಡ್ಯಾನ್ಯೂಬ್, ಉಕ್ಕುವ ಆಖ್: ಸುಣ್ಣಕಲ್ಲಿನೊಳಗೆ ಹರಿಯುವ ಒಂದು ಹೊಳೆಯ ಪ್ರಕರಣ ಅಧ್ಯಯನ

ದಕ್ಷಿಣ ಜರ್ಮನಿಯ ಇಮ್ಮೆಂಡಿಂಗೆನ್ ಊರಿನ ಕೆಳಗೆ ಡ್ಯಾನ್ಯೂಬ್ ನದಿ ವರ್ಷಕ್ಕೆ ಸರಾಸರಿ 155 ದಿನ ಪೂರ್ತಿ ಬತ್ತಿರುತ್ತದೆ. 1921ರಲ್ಲಂತೂ 309 ದಿನ ಬತ್ತಿತ್ತು. ಊರಿನ ಮೇಲ್ಗಡೆ ನದಿ ಎಂದಿನಂತೆ ಹರಿಯುತ್ತದೆ, ಕೆಲವು ಕಿಲೋಮೀಟರ್ ಕೆಳಗೆ ಮೋರಿಂಗೆನ್ ಬಳಿ ಪಾತ್ರದಲ್ಲಿ ಒಣ ಉರುಟುಗಲ್ಲು ಮಾತ್ರ. ಅಲ್ಲಿಂದ ಮುಂದೆ ಕ್ರೇಯೆನ್‌ಬಾಖ್ ಎಂಬ ಉಪನದಿ ಸೇರಿದ ಮೇಲೆಯೇ ಡ್ಯಾನ್ಯೂಬ್‌ಗೆ ಮತ್ತೆ ನೀರು. ಇತ್ತ ಇಮ್ಮೆಂಡಿಂಗೆನ್‌ನಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಸುಮಾರು 175 ಮೀಟರ್ ತಗ್ಗಿನಲ್ಲಿ, ಆಖ್ ಎಂಬ ಊರಿದೆ. ಅಲ್ಲಿ ನೆಲದಿಂದ ಒಂದು ಹೊಳೆಗೆ ಹೊಳೆಯೇ ಎದ್ದು ಬರುತ್ತದೆ. ಸೆಕೆಂಡಿಗೆ ಸರಾಸರಿ 8,500 ಲೀಟರ್ ಹೊರಹಾಕುವ ಈ ಬುಗ್ಗೆ ಜರ್ಮನಿಯಲ್ಲೇ ದೊಡ್ಡದು. ತೀರಾ ಬೇಸಿಗೆಯಲ್ಲಿ ಅದು ಸೆಕೆಂಡಿಗೆ 1,300 ಲೀಟರ್‌ಗೆ ಇಳಿಯುತ್ತದೆ, ಪ್ರವಾಹದ ಹೊತ್ತಿನಲ್ಲಿ 24,000 ಲೀಟರ್‌ಗೆ ಏರುತ್ತದೆ.

ಡ್ಯಾನ್ಯೂಬ್ ಕಪ್ಪು ಸಮುದ್ರಕ್ಕೆ ಹೋಗುವ ನದಿ. ಆಖ್ ಹೊಳೆ ಕಾನ್‌ಸ್ಟನ್ಸ್ ಸರೋವರ ಸೇರಿ, ರೈನ್ ನದಿಯಾಗಿ ಉತ್ತರ ಸಮುದ್ರ ತಲುಪುತ್ತದೆ. ನಕ್ಷೆಯಲ್ಲಿ ಇವೆರಡರ ನಡುವೆ ಯುರೋಪಿನ ಮುಖ್ಯ ಜಲವಿಭಾಜಕ ಗೆರೆ ಹಾದುಹೋಗುತ್ತದೆ. ನೆಲದಡಿಯ ನೀರು ಆ ಗೆರೆಯನ್ನು ಲೆಕ್ಕಕ್ಕೇ ಇಟ್ಟಿಲ್ಲ.

ಈ ಪ್ರಕರಣವನ್ನು ಪಠ್ಯಗಳು ಸಾಮಾನ್ಯವಾಗಿ ಎರಡೇ ಸಾಲಿನಲ್ಲಿ ಮುಗಿಸುತ್ತವೆ: ಮೇಲೆ ಬಣ್ಣ ಹಾಕಿದರು, ಕೆಳಗೆ ಬಣ್ಣ ಬಂತು, ಸಂಪರ್ಕ ಸಾಬೀತಾಯಿತು. ಅಷ್ಟಕ್ಕೇ ನಿಲ್ಲಿಸಿದರೆ ಹೆಚ್ಚಿನದೆಲ್ಲ ಕೈತಪ್ಪುತ್ತದೆ. ಎಷ್ಟು ತೂಕದ ಪದಾರ್ಥ ಹಾಕಿದರು, ಎಷ್ಟು ಹೊತ್ತಿಗೆ ಬಂತು, ಅದರಲ್ಲಿ ಎಷ್ಟು ಮರಳಿ ಸಿಕ್ಕಿತು ಎಂಬ ಮೂರು ಅಂಕಿಗಳಿದ್ದರೆ, ಯಾರೂ ಕಾಲಿಡದ ಗುಹೆಯ ಗಾತ್ರವನ್ನೂ ಅಂದಾಜಿಸಬಹುದು.

ಕಲ್ಲು ಮತ್ತು ಇಳಿಜಾರು

ನದಿ ಇಂಗುವ ಜಾಗದಲ್ಲಿರುವುದು ಸ್ವಾಬಿಯನ್ ಆಲ್ಬ್ ಪ್ರಸ್ಥಭೂಮಿಯ ಸುಣ್ಣಕಲ್ಲು, ಜುರಾಸಿಕ್ ಕಾಲದ ಕೊನೆಯ ಭಾಗದ್ದು. ಪದರಗಳು ಆಗ್ನೇಯದತ್ತ ಬಾಗಿವೆ. ಹಾಗಾಗಿ ಇಮ್ಮೆಂಡಿಂಗೆನ್‌ನಲ್ಲಿ ನೀರು ಒಳಹೋಗುವುದು ಹಳೆಯ ಪದರದಲ್ಲಿ, ಆಖ್‌ನಲ್ಲಿ ಹೊರಬರುವುದು ಅದಕ್ಕಿಂತ ಎಳೆಯ ಪದರದಲ್ಲಿ. ನೀರು ಒಂದೇ ಪದರದ ಸಂದಿನಲ್ಲಿ ಜಾರುತ್ತ ಹೋಗಿದ್ದರೆ ಬುಗ್ಗೆಯ ಜಾಗಕ್ಕೆ ಬರುವಷ್ಟರಲ್ಲಿ ತುಂಬ ಆಳದಲ್ಲಿರಬೇಕಿತ್ತು. ನಡುವೆ ಎಲ್ಲೋ ಅದು ಲಂಬ ಬಿರುಕುಗಳ ಮೂಲಕ ಪದರ ದಾಟಿ ಮೇಲೇರಿದೆ. ಪದರ ಬಾಗಿರುವ ದಿಕ್ಕನ್ನೇ ನೀರಿನ ದಿಕ್ಕು ಎಂದು ನಕ್ಷೆಯಲ್ಲಿ ಬಾಣ ಎಳೆದುಬಿಡುವವರು ಇದನ್ನು ಗಮನಿಸಬೇಕು.

ಸುಣ್ಣಕಲ್ಲಿನ ಗಟ್ಟಿ ಭಾಗ ಹೆಚ್ಚುಕಡಿಮೆ ನೀರನ್ನೇ ಬಿಡುವುದಿಲ್ಲ. ಎಲ್ಲ ಹರಿವೂ ಬಿರುಕು ಮತ್ತು ಪದರಸಂದುಗಳಲ್ಲಿ. ಮಳೆನೀರು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ಸೌಮ್ಯ ಆಮ್ಲವಾಗುತ್ತದೆ, ಬಿರುಕಿನ ಗೋಡೆಯ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುತ್ತದೆ. ಮೊದಮೊದಲು ಈ ಕೆಲಸ ಬಲು ನಿಧಾನ, ಏಕೆಂದರೆ ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಸ್ವಲ್ಪ ದೂರ ಹೋಗುವಷ್ಟರಲ್ಲೇ ಕರಗಿಸುವ ಶಕ್ತಿ ಬಹುಪಾಲು ಕಳೆದುಕೊಂಡಿರುತ್ತದೆ. ಉಳಿದ ಚೂರುಪಾರು ಶಕ್ತಿಯೇ ಸಾವಿರಾರು ವರ್ಷ ಬಿರುಕಿನ ಉದ್ದಕ್ಕೂ ಕೆರೆಯುತ್ತದೆ. ಬಿರುಕು ಸುಮಾರು ಒಂದು ಸೆಂಟಿಮೀಟರ್ ಅಗಲವಾದಾಗ ಹರಿವು ಸುಳಿಗಟ್ಟಲು ಶುರುವಾಗುತ್ತದೆ, ತಾಜಾ ನೀರು ಮಾರ್ಗದ ಕೊನೆಯವರೆಗೂ ಶಕ್ತಿ ಉಳಿಸಿಕೊಂಡೇ ತಲುಪುತ್ತದೆ. ಅಲ್ಲಿಂದ ಮುಂದೆ ಅಗಲವಾದ ದಾರಿ ಹೆಚ್ಚು ನೀರು ಸೆಳೆದು ಇನ್ನಷ್ಟು ಅಗಲವಾಗುತ್ತದೆ, ಪಕ್ಕದ ನೂರಾರು ಬಿರುಕುಗಳು ಹಾಗೆಯೇ ಉಳಿಯುತ್ತವೆ. ಬಿರುಕುಬಂಡೆ ಗುಹೆಯಾಗುವುದು ಈ ಪೈಪೋಟಿಯಿಂದ.

ಅಂಥ ದಾರಿ ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ನಿರ್ಧರಿಸುವುದು ಇಳಿಜಾರು. ಇಮ್ಮೆಂಡಿಂಗೆನ್ ಬಳಿ ನದಿಪಾತ್ರ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಡ್ಯಾನ್ಯೂಬ್ ಆ ಎತ್ತರವನ್ನು ನೂರಾರು ಕಿಲೋಮೀಟರ್ ಉದ್ದಕ್ಕೆ ಮೆಲ್ಲಗೆ ಕಳೆದುಕೊಳ್ಳುತ್ತದೆ. ರೈನ್ ಕಡೆಯ ಕಣಿವೆಗಳು ತೀರಾ ಹತ್ತಿರದಲ್ಲೇ ಆಳವಾಗಿ ಕೊರೆದಿವೆ. 12 ಕಿಲೋಮೀಟರ್‌ಗೆ 175 ಮೀಟರ್ ಎಂದರೆ ಕಿಲೋಮೀಟರ್‌ಗೆ 14 ಮೀಟರ್‌ಗೂ ಹೆಚ್ಚು ಇಳಿಜಾರು. ಡ್ಯಾನ್ಯೂಬ್‌ನಿಂದ ರೈನ್ ನೀರು ಕಸಿಯುವುದು ಇಲ್ಲಿ ಹೊಸದೇನೂ ಅಲ್ಲ. ಹಿಂದಿನ ಹಿಮಯುಗದ ಕೊನೆಯ ಹೊತ್ತಿಗೆ ಡ್ಯಾನ್ಯೂಬ್‌ನ ಮೇಲಿನ ಒಂದು ಕವಲನ್ನು ವುಟಾಖ್ ಕಣಿವೆ ನೆಲದ ಮೇಲೆಯೇ ರೈನ್ ಕಡೆಗೆ ತಿರುಗಿಸಿಕೊಂಡಿತ್ತು. ಈಗ ಅದೇ ಕೆಲಸ ನೆಲದಡಿಯಲ್ಲಿ ನಡೆದಿದೆ.

ಜಗಳ

ನದಿ ಪೂರ್ತಿ ಬತ್ತಿದ್ದು ಮೊದಲು ದಾಖಲಾದದ್ದು 1874ರಲ್ಲಿ. ಇಂಗುವ ಜಾಗ ಬಾಡೆನ್ ರಾಜ್ಯದಲ್ಲಿತ್ತು, ಆಖ್ ಬುಗ್ಗೆಯೂ ಬಾಡೆನ್‌ನದೇ. ಕೆಳಗಿನ ಟುಟ್ಲಿಂಗೆನ್ ವುರ್ಟೆಂಬರ್ಗ್ ರಾಜ್ಯದ್ದು. ಟುಟ್ಲಿಂಗೆನ್ ಕಡೆಯವರಿಗೆ ಗಿರಣಿ ತಿರುಗಿಸಲು ನೀರಿಲ್ಲ, ನದಿಪಾತ್ರದ ಬಿಲಗಳನ್ನು ಮುಚ್ಚಬೇಕೆಂಬುದು ಅವರ ಬೇಡಿಕೆ. ಮುಚ್ಚಿದರೆ ತಮ್ಮ ಚಕ್ರಗಳು ನಿಲ್ಲುತ್ತವೆ ಎಂಬುದು ಆಖ್ ಹೊಳೆಯ ಗಿರಣಿ ಮಾಲೀಕರ ಭಯ. ಆ ಭಯಕ್ಕೆ ಆಧಾರವಿದೆಯೇ ಎಂಬುದೇ ತನಿಖೆಯ ಪ್ರಶ್ನೆ. ಕೆಲಸ ಕಾರ್ಲ್ಸ್‌ರುಹೆಯ ಪ್ರಾಧ್ಯಾಪಕ, ಭೂವಿಜ್ಞಾನಿ ಅಡಾಲ್ಫ್ ಕ್ನೋಪ್ ಅವರ ಕೈಗೆ ಬಂತು.

1877ರ ಪರೀಕ್ಷೆ

ಆ ವರ್ಷದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇಮ್ಮೆಂಡಿಂಗೆನ್ ಬಳಿಯ ಇಂಗುಬಿಲಗಳಿಗೆ ಮೂರು ಪದಾರ್ಥ ಹಾಕಲಾಯಿತು: ಜೇಡಿಕಲ್ಲಿನಿಂದ ತೆಗೆದ ಎಣ್ಣೆ 1,200 ಕಿಲೋ, ಅಡುಗೆ ಉಪ್ಪು ಸುಮಾರು 20 ಟನ್, ಸೋಡಿಯಂ ಫ್ಲೋರೆಸೀನ್ ಎಂಬ ಬಣ್ಣ 10 ಕಿಲೋ. ಫ್ಲೋರೆಸೀನ್ ಆಗಿನ್ನೂ ಹೊಸ ವಸ್ತು, ಅಡಾಲ್ಫ್ ಫಾನ್ ಬೇಯರ್ ಅದನ್ನು ತಯಾರಿಸಿದ್ದು 1871ರಲ್ಲಿ. ಸುಮಾರು 60 ಗಂಟೆಗಳ ಬಳಿಕ ಆಖ್ ಬುಗ್ಗೆ ಹಸಿರಾಗಿ ಹೊಳೆಯಿತು. ಎಣ್ಣೆಯ ಘಾಟು ನೀರಿನ ರುಚಿಯಲ್ಲೇ ಗೊತ್ತಾಗುತ್ತಿತ್ತು. ಉಪ್ಪು ಪ್ರಯೋಗಾಲಯದ ಅಳತೆಯಲ್ಲಿ ಸಿಕ್ಕಿತು.

ಮೂರು ಪದಾರ್ಥಗಳಿಗೂ ಮೂರು ಬಗೆಯ ಗುಣ, ಮೂರು ಬಗೆಯ ತೊಡಕು. ಎಣ್ಣೆ ನೀರಿನ ಮೇಲೆ ತೇಲುತ್ತದೆ. ಗುಹೆಯ ಛಾವಣಿ ನೀರಿನೊಳಕ್ಕೆ ಮುಳುಗಿದ ಕಡೆಯೆಲ್ಲ ಅದು ಛಾವಣಿಗೆ ತಾಗಿ ನಿಲ್ಲುತ್ತದೆ, ಬಂಡೆಗೂ ಕೆಸರಿಗೂ ಅಂಟಿಕೊಳ್ಳುತ್ತದೆ. ಬಂದದ್ದು ಸಂಪರ್ಕಕ್ಕೆ ಸಾಕ್ಷಿ, ಬಾರದಿದ್ದರೆ ಅದು ಯಾವುದಕ್ಕೂ ಸಾಕ್ಷಿಯಲ್ಲ. ಲೆಕ್ಕಕ್ಕಂತೂ ಎಣ್ಣೆ ಕೆಲಸಕ್ಕೆ ಬಾರದು.

ಉಪ್ಪು ಬಂಡೆಗೆ ಅಂಟುವುದಿಲ್ಲ, ಬಿಸಿಲಿಗೆ ಹಾಳಾಗುವುದಿಲ್ಲ, ಹಾಕಿದಷ್ಟೂ ಎಲ್ಲಾದರೂ ಹೊರಬರಲೇಬೇಕು. ಅದರ ತೊಡಕು ಪ್ರಮಾಣದ್ದು. ಬುಗ್ಗೆಯ ಹರಿವು ಸೆಕೆಂಡಿಗೆ 5 ಘನಮೀಟರ್ ಎಂದೂ ಉಪ್ಪು 40 ಗಂಟೆಗಳಲ್ಲಿ ಹಾದುಹೋಗುತ್ತದೆ ಎಂದೂ ಇಟ್ಟುಕೊಂಡರೆ 7,20,000 ಘನಮೀಟರ್ ನೀರಿಗೆ 20 ಟನ್, ಅಂದರೆ ಲೀಟರಿಗೆ ಸರಾಸರಿ 28 ಮಿಲಿಗ್ರಾಂ. ಇದು ನಾಲಿಗೆಗೆ ಸಿಗುವ ಮಟ್ಟವಲ್ಲ, ಬೆಳ್ಳಿ ನೈಟ್ರೇಟ್ ಹಾಕಿ ಕ್ಲೋರೈಡ್ ಅಳೆದರೆ ಮಾತ್ರ ಖಚಿತವಾಗಿ ಸಿಗುತ್ತದೆ. ಬುಗ್ಗೆಯ ನೀರಿನಲ್ಲಿ ಮೊದಲೇ ಇರುವ ಕ್ಲೋರೈಡ್ ಎಷ್ಟೆಂದು ಗೊತ್ತಿರಬೇಕು, ಕಳೆಯಬೇಕಾದ್ದು ಅದನ್ನೇ. ಇನ್ನೊಂದು ತೊಡಕು ತೂಕದ್ದು. ಗಟ್ಟಿ ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡ 20ರಷ್ಟು ಭಾರ. ಒಮ್ಮೆಲೇ ಸುರಿದರೆ ಗುಹೆಯ ತಳದ ಗುಂಡಿಗಳಲ್ಲಿ ಕೂತು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಹರಿಯುವ ನೀರಿನಲ್ಲಿ ಕರಗಿಸುತ್ತ, ಗಂಟೆಗಳ ಕಾಲ ನಿಧಾನವಾಗಿ ಬಿಡಬೇಕು.

ಫ್ಲೋರೆಸೀನ್‌ನ ಬಲ ಅದರ ಹೊಳಪು. ಅದೇ 5 ಘನಮೀಟರ್ ಹರಿವಿನಲ್ಲಿ 48 ಗಂಟೆ ಹರಡಿದರೆ 10 ಕಿಲೋ ಬಣ್ಣ ಲೀಟರಿಗೆ ಸರಾಸರಿ 11 ರಿಂದ 12 ಮೈಕ್ರೋಗ್ರಾಂ ಆಗುತ್ತದೆ, ಏರಿಕೆಯ ತುದಿಯಲ್ಲಿ ಅದರ ಎರಡು ಮೂರು ಪಟ್ಟು. ಆಳವಾದ ತಿಳಿನೀರಿನ ಕೊಳದಲ್ಲಿ ಕಣ್ಣಿಗೆ ಕಾಣಲು ಅಷ್ಟು ಸಾಕು. ಕಣ್ಣನ್ನೇ ನಂಬಿದ ಕಾಲಕ್ಕೆ 10 ಕಿಲೋ ಸರಿಯಾದ ಅಂದಾಜು. ಬಣ್ಣದ ಹೊಳಪನ್ನು ಅಳೆಯುವ ಈಗಿನ ಉಪಕರಣ, ಫ್ಲೋರೋಮೀಟರ್, ಲೀಟರಿಗೆ ಮೈಕ್ರೋಗ್ರಾಮಿನ ನೂರನೇ ಒಂದು ಭಾಗವನ್ನೂ ಗುರುತಿಸುವುದರಿಂದ ಇದೇ ಪರೀಕ್ಷೆಗೆ ಒಂದು ಕಿಲೋಗಿಂತ ಕಡಿಮೆ ಬಣ್ಣ ಸಾಕು. ಹೊಳೆ ಹಸಿರಾಗುವುದೂ ಇಲ್ಲ, ಊರವರು ಗಾಬರಿಯಾಗುವುದೂ ಇಲ್ಲ.

ತೂಕ ಹಿಡಿಯುವ ಬಗೆ

ಪ್ರತಿ ಮಾದರಿಯಲ್ಲಿ ಸಿಕ್ಕ ಹೆಚ್ಚುವರಿ ಸಾಂದ್ರತೆಯನ್ನು ಆ ಹೊತ್ತಿನ ಹರಿವಿನಿಂದ ಗುಣಿಸಿ, ಎರಡು ಮಾದರಿಗಳ ನಡುವಿನ ಸಮಯದಿಂದ ಮತ್ತೆ ಗುಣಿಸಿ, ಎಲ್ಲವನ್ನೂ ಕೂಡಬೇಕು. ಲೀಟರಿಗೆ 30 ಮಿಲಿಗ್ರಾಂ ಹೆಚ್ಚುವರಿ ಉಪ್ಪು, ಸೆಕೆಂಡಿಗೆ 5,000 ಲೀಟರ್ ಹರಿವು, ಒಂದು ಗಂಟೆ: 540 ಕಿಲೋ. ಅಂಥ 37 ಗಂಟೆಗಳಾದರೆ 20 ಟನ್ ಪೂರ್ತಿ ಬಂದಂತೆ. ಕ್ನೋಪ್ ಬುಗ್ಗೆಯ ಉಪ್ಪಿನಂಶವನ್ನು ಹೊತ್ತುಹೊತ್ತಿಗೆ ಅಳೆಯಿಸಿದರು. ಏರಿ ಇಳಿದ ರೇಖೆ ಸಿಕ್ಕಿತು, ಹಾಕಿದ ಉಪ್ಪಿನ ಬಹುಪಾಲು ಲೆಕ್ಕಕ್ಕೆ ಬಂತು. ಕಾರ್ಸ್ಟ್ ಜಲವಿಜ್ಞಾನದಲ್ಲಿ, ಅಂದರೆ ಸುಣ್ಣಕಲ್ಲಿನಂಥ ಕರಗುವ ಬಂಡೆಯೊಳಗಿನ ನೀರಿನ ಅಧ್ಯಯನದಲ್ಲಿ, ಈ ಪರೀಕ್ಷೆಗೆ ಸ್ಥಾನ ಸಿಕ್ಕಿರುವುದು ಹಸಿರು ಬಣ್ಣಕ್ಕಿಂತ ಹೆಚ್ಚಾಗಿ ಈ ರೇಖೆಯಿಂದಾಗಿ ಎಂದೇ ಹೇಳಬೇಕು. ಬಣ್ಣ ಕಂಡದ್ದರಿಂದ ತಿಳಿಯುವುದು ಸ್ವಲ್ಪ ನೀರಾದರೂ ಆಖ್‌ಗೆ ಹೋಗುತ್ತದೆ ಎಂಬುದಷ್ಟೇ. ಬಿಲ ಮುಚ್ಚಿದರೆ ಗಿರಣಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಉಪ್ಪಿನ ತೂಕ.

ಲೆಕ್ಕ ತಪ್ಪುವ ದಾರಿಗಳು ಹಲವು. ಹರಿವಿನ ಅಳತೆ ಶೇಕಡ 10 ತಪ್ಪಿದರೆ ಮರಳಿ ಸಿಕ್ಕ ತೂಕವೂ ಶೇಕಡ 10 ತಪ್ಪುತ್ತದೆ, ಎಷ್ಟೇ ಒಳ್ಳೆಯ ಉಪಕರಣವಿದ್ದರೂ. ಮಾದರಿಗಳ ಅಂತರ ದೊಡ್ಡದಾದರೆ ರೇಖೆಯ ತುದಿಯೇ ಕಾಣೆಯಾಗುತ್ತದೆ. 60 ಗಂಟೆಗೆ ಬರುತ್ತದೆಂದು ಅಂದಾಜಿರುವ ಕಡೆ ದಿನಕ್ಕೆರಡು ಬಾಟಲಿ ತುಂಬಿಸುವುದು ಕಾಟಾಚಾರದ ಕೆಲಸ. ನಿರೀಕ್ಷಿತ ಸಮಯದ ಇಪ್ಪತ್ತನೇ ಒಂದು ಭಾಗಕ್ಕೆ, ಅಂದರೆ ಮೂರು ಗಂಟೆಗೊಮ್ಮೆ ಶುರುಮಾಡಿ, ಏರಿಕೆ ಕಂಡ ಕೂಡಲೇ ಗಂಟೆಗೊಮ್ಮೆಗೆ ಬರಬೇಕು. ಇಳಿಕೆಯ ಬಾಲವನ್ನು ಬೇಗ ಕತ್ತರಿಸಬಾರದು, ಹತ್ತಾರು ಗಂಟೆ ಎಳೆಯುವ ಆ ಬಾಲದಲ್ಲಿ ಒಟ್ಟು ತೂಕದ ಗಣನೀಯ ಭಾಗ ಅಡಗಿರುತ್ತದೆ.

ಬಣ್ಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಫ್ಲೋರೆಸೀನ್ ಬಿಸಿಲಿನಲ್ಲಿ ಗಂಟೆಗಳೊಳಗೆ ಒಡೆದುಹೋಗುತ್ತದೆ. ಗುಹೆಯೊಳಗೆ ಕತ್ತಲೆ, ಅಲ್ಲಿ ತೊಂದರೆಯಿಲ್ಲ. ಬಣ್ಣ ಹಾಳಾಗುವುದು ಬಿಲಕ್ಕೆ ಇಳಿಯುವ ಮೊದಲು ತೆರೆದ ಪಾತ್ರದಲ್ಲಿ, ಆಮೇಲೆ ದಡದಲ್ಲಿಟ್ಟ ಬಿಳಿ ಬಾಟಲಿಯಲ್ಲಿ. ಮಾದರಿಗೆ ಕಂದು ಗಾಜಿನ ಬಾಟಲಿಯೇ ಬೇಕು. ಆಮ್ಲೀಯ ನೀರಿನಲ್ಲಿ ಹೊಳಪು ಕುಗ್ಗುತ್ತದೆ, ಸುಣ್ಣಕಲ್ಲಿನ ನೀರು ಸಾಮಾನ್ಯವಾಗಿ ಪಿಎಚ್ 7ರ ಮೇಲಿರುವುದರಿಂದ ಇಲ್ಲಿ ಆ ಚಿಂತೆಯಿಲ್ಲ. ವಾಹನಗಳ ಕೂಲೆಂಟ್‌ನಲ್ಲಿ ಇದೇ ಬಣ್ಣ ಬೆರೆಸಿರುತ್ತಾರೆ, ಹೆದ್ದಾರಿಯ ಚರಂಡಿ ಹತ್ತಿರವಿದ್ದರೆ ಪರೀಕ್ಷೆಗೆ ಮೊದಲೇ ಬುಗ್ಗೆಯಲ್ಲಿ ಹಸಿರಿನ ಕುರುಹು ಇರಬಹುದು. ಒಂದು ವಾರವಾದರೂ ಮುಂಚಿನಿಂದ ಮಾದರಿ ತೆಗೆದಿಡುವುದು ಅದಕ್ಕೆ. ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ಕೆಡಿಸುವುದು ಕೈ: ಪುಡಿ ಬಣ್ಣ ತೂಗಿದವರ ಬಟ್ಟೆ, ಉಗುರು, ವಾಹನದ ಸೀಟು ಎಲ್ಲಕ್ಕೂ ಅಂಟಿರುತ್ತದೆ. ಬಣ್ಣ ಹಾಕುವ ತಂಡದವರು ಮಾದರಿ ಬಾಟಲಿಗಳನ್ನು ಮುಟ್ಟಲೇಬಾರದು, ಬುಗ್ಗೆಯ ಕಡೆ ಸುಳಿಯಲೂಬಾರದು. ಪುಡಿಯನ್ನು ಸ್ಥಳದಲ್ಲಿ ಬಿಚ್ಚದೆ, ಮೊದಲೇ ನೀರಿನಲ್ಲಿ ಕರಗಿಸಿ ಮುಚ್ಚಿದ ಕ್ಯಾನ್‌ನಲ್ಲಿ ಒಯ್ಯುವುದು ಕ್ಷೇಮ.

ಎಲ್ಲಿ ಹಾಕಬೇಕು ಎಂಬುದೂ ಮುಖ್ಯ. ನದಿಪಾತ್ರದಲ್ಲಿ ಬಿಲಗಳು ಹಲವಿರುತ್ತವೆ. ಹೂಳು ತುಂಬಿ ಅರ್ಧ ಮುಚ್ಚಿದ ಬಿಲಕ್ಕೆ ಹಾಕಿದರೆ ಪದಾರ್ಥ ಕೆಸರಿನಲ್ಲೇ ಉಳಿದು, ಮರಳಿ ಸಿಕ್ಕ ತೂಕ ಕಡಿಮೆಯಾಗುತ್ತದೆ. ಅದನ್ನು ನೋಡಿ ಉಳಿದ ನೀರು ಬೇರೆ ಬುಗ್ಗೆಗೆ ಹೋಯಿತು ಎಂದು ತೀರ್ಮಾನಿಸಿದರೆ ಇಡೀ ವರದಿ ದಾರಿತಪ್ಪುತ್ತದೆ. ರಭಸದಿಂದ ನೀರು ಎಳೆಯುತ್ತಿರುವ ಬಿಲವನ್ನೇ ಆರಿಸಬೇಕು.

60 ಗಂಟೆಯಿಂದ ಗುಹೆಯ ಗಾತ್ರ

12 ಕಿಲೋಮೀಟರ್‌ಗೆ 60 ಗಂಟೆ ಎಂದರೆ ಗಂಟೆಗೆ 200 ಮೀಟರ್, ದಿನಕ್ಕೆ ಹತ್ತಿರಹತ್ತಿರ 5 ಕಿಲೋಮೀಟರ್. ಮರಳಿನ ಅಂತರ್ಜಲ ಪದರದಲ್ಲಿ ನೀರು ದಿನಕ್ಕೆ ಕೆಲವು ಸೆಂಟಿಮೀಟರ್‌ನಿಂದ ಕೆಲವು ಮೀಟರ್ ಚಲಿಸುತ್ತದೆ. ಈ ವೇಗಕ್ಕೆ ತೆರೆದ ಕೊಳವೆಯೇ ಬೇಕು, ರಂಧ್ರಬಂಡೆಯ ಯಾವ ಸೂತ್ರವೂ ಇದಕ್ಕೆ ಒಗ್ಗುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಮೊದಲ ಬಣ್ಣ ಬಂದ ಹೊತ್ತಲ್ಲ, ಬಣ್ಣದ ತೂಕದ ಅರ್ಧ ದಾಟಿದ ಹೊತ್ತು ಇಲ್ಲಿ ಬೇಕಾದ ಅಂಕಿ. ಅದನ್ನು 70 ಗಂಟೆ ಎಂದೂ ಹರಿವು ಸೆಕೆಂಡಿಗೆ 5 ಘನಮೀಟರ್ ಎಂದೂ ಹಿಡಿದರೆ, ಎರಡರ ಗುಣಲಬ್ಧ 12.6 ಲಕ್ಷ ಘನಮೀಟರ್. ದಾರಿಯಲ್ಲಿ ಅಷ್ಟು ನೀರು ತುಂಬಿಕೊಂಡಿದೆ. 12 ಕಿಲೋಮೀಟರ್ ಉದ್ದಕ್ಕೆ ಹಂಚಿದರೆ ಸರಾಸರಿ ಅಡ್ಡಕೊಯ್ತ 105 ಚದರ ಮೀಟರ್, ದುಂಡಗಿನ ಒಂದೇ ಸುರಂಗವಾದರೆ 11 ಮೀಟರ್‌ಗೂ ಹೆಚ್ಚು ವ್ಯಾಸ. ದಾರಿಯಲ್ಲಿ ಪಕ್ಕದಿಂದ ಮಳೆನೀರೂ ಸೇರುವುದರಿಂದ ಮೇಲಿನ ಭಾಗದಲ್ಲಿ ಹರಿವು ಕಡಿಮೆ, ಹಾಗಾಗಿ ಇದು ಮೇಲಂಚಿನ ಅಂದಾಜು. ದಾರಿ ನೇರವಾಗಿಲ್ಲದೆ ಸುತ್ತಿಬಳಸಿದ್ದರೆ ಅಡ್ಡಕೊಯ್ತ ಇನ್ನೂ ಕಡಿಮೆ. ಆದರೂ ಬೆರಳು ಗಾತ್ರದ ಬಿರುಕುಗಳ ಜಾಲವಲ್ಲ, ಮನುಷ್ಯ ಹೊಕ್ಕು ನಡೆಯಬಲ್ಲ ಗುಹೆಯೇ ಎಂಬುದು ಗಾತ್ರದಿಂದಲೇ ತಿಳಿಯುತ್ತದೆ.

ಇಲ್ಲಿ ಒಂದು ಒಗಟು ಎದುರಾಗುತ್ತದೆ, ಪ್ರಕರಣದ ಅತಿ ಸ್ವಾರಸ್ಯದ ಭಾಗ ಇದೇ. 11 ಮೀಟರ್ ವ್ಯಾಸದ ತುಂಬಿದ ಸುರಂಗದಲ್ಲಿ ನೀರು ಸೆಕೆಂಡಿಗೆ 5 ಸೆಂಟಿಮೀಟರ್ ಚಲಿಸಲು ಬೇಕಾದ ಎತ್ತರದ ವ್ಯತ್ಯಾಸ, ಗೋಡೆ ಎಷ್ಟೇ ಒರಟಾಗಿದ್ದರೂ, 12 ಕಿಲೋಮೀಟರ್‌ಗೆ ಕೆಲವೇ ಸೆಂಟಿಮೀಟರ್. ಇರುವುದೋ 175 ಮೀಟರ್. ಉಳಿದ ಎತ್ತರ ಎಲ್ಲಿ ಹೋಯಿತು? ಘರ್ಷಣೆಗಂತೂ ಖರ್ಚಾಗಿಲ್ಲ. ಎರಡು ಉತ್ತರ ಸಾಧ್ಯ. ಮೇಲಿನ ಭಾಗದಲ್ಲಿ ನೀರು ಗಾಳಿ ತುಂಬಿದ ಗುಹೆಯಲ್ಲಿ ಧುಮುಕುತ್ತ ಬಹುಪಾಲು ಎತ್ತರ ಕಳೆದುಕೊಂಡಿರಬಹುದು. ಇಲ್ಲವೇ ನಡುನಡುವೆ ಬಂಡೆ ಕುಸಿದು ಕಿರಿದಾದ ಇಕ್ಕಟ್ಟುಗಳಲ್ಲಿ ಒಂದೊಂದೇ ಕಡೆ ಹತ್ತಾರು ಮೀಟರ್ ಕಳೆದುಹೋಗಿರಬಹುದು. ಎರಡೂ ಒಟ್ಟಿಗೇ ಇರುವ ಸಾಧ್ಯತೆ ಹೆಚ್ಚು. ಏಕರೂಪದ ಕೊಳವೆಯ ಮಾದರಿಯಂತೂ ಇಲ್ಲಿ ನಿಲ್ಲುವುದಿಲ್ಲ. ನಡುವೆ ಕೊಳವೆಬಾವಿ ಕೊರೆದು ನೀರಿನ ಮಟ್ಟ ಅಳೆದು, ಎರಡು ತುದಿಗಳ ನಡುವೆ ಸರಳರೇಖೆ ಎಳೆಯುವ ವಾಡಿಕೆ ಇಂಥ ಕಲ್ಲಿನಲ್ಲಿ ಏಕೆ ಸೋಲುತ್ತದೆ ಎಂಬುದಕ್ಕೂ ಇದೇ ಕಾರಣ.

ಬುಗ್ಗೆಯ ಕಡೆಯಿಂದ ಮುಳುಗುಗಾರರು ಗುಹೆಯನ್ನು ಕೆಲವು ನೂರು ಮೀಟರ್ ಹಿಂಬಾಲಿಸಿದ್ದಾರೆ, ಅಲ್ಲಿ ಕುಸಿದ ಬಂಡೆರಾಶಿ ದಾರಿ ಕಟ್ಟಿದೆ. ಕುಸಿತದ ಆಚೆಗೆ ಮೇಲಿನಿಂದಲೇ ಇಳಿಯಲು, ನೆಲ ಕುಸಿದ ಒಂದು ಗುಂಡಿಯಲ್ಲಿ ಅಗೆತವೂ ನಡೆದಿದೆ. ಬಣ್ಣದ ರೇಖೆ ಗಾತ್ರ ಹೇಳುತ್ತದೆ, ದಾರಿಯ ನಕ್ಷೆ ಹೇಳುವುದಿಲ್ಲ.

ಹರಿವಿನ ಬಾಕಿಲೆಕ್ಕ

ಇಂಗುವ ನೀರೆಷ್ಟು ಎಂಬುದನ್ನು ಮೇಲಿನ ಮತ್ತು ಕೆಳಗಿನ ಅಳತೆಕಟ್ಟೆಗಳ ವ್ಯತ್ಯಾಸದಿಂದ ತೆಗೆಯುತ್ತಾರೆ. ಕೇಳಲು ಸುಲಭ. ಮೇಲೆ 20 ಘನಮೀಟರ್, ಕೆಳಗೆ 12, ಎರಡರಲ್ಲೂ ಶೇಕಡ 5ರ ಅನಿಶ್ಚಿತತೆ ಇದ್ದರೆ, ವ್ಯತ್ಯಾಸವಾದ 8 ಘನಮೀಟರ್‌ನಲ್ಲಿ ಅನಿಶ್ಚಿತತೆ ಸುಮಾರು 1.2 ಘನಮೀಟರ್, ಅಂದರೆ ಶೇಕಡ 15. ಬೇಸಿಗೆಯಲ್ಲಿ ಕೆಳಗಿನ ಅಂಕಿ ಸೊನ್ನೆಯಾದಾಗ ಲೆಕ್ಕ ಬಿಗಿಯಾಗುತ್ತದೆ. ಇಂಗುವ ಅಳತೆಗಳನ್ನು ಕಡಿಮೆ ಹರಿವಿನಲ್ಲೇ ಮಾಡಬೇಕೆನ್ನುವುದು ಅದಕ್ಕೆ. ದೀರ್ಘಕಾಲದ ಲೆಕ್ಕದಲ್ಲಿ ಆಖ್ ಬುಗ್ಗೆಯ ನೀರಿನ ಸುಮಾರು ಮೂರನೇ ಎರಡು ಭಾಗ ಡ್ಯಾನ್ಯೂಬ್‌ನದು, ಉಳಿದದ್ದು ನಡುವಿನ ಸುಣ್ಣಕಲ್ಲಿನ ನೆಲಕ್ಕೆ ಬಿದ್ದ ಮಳೆ.

ಇಮ್ಮೆಂಡಿಂಗೆನ್ ಒಂದೇ ದ್ವಾರವಲ್ಲ. ಇನ್ನೂ ಕೆಳಗೆ ಫ್ರಿಡಿಂಗೆನ್ ಬಳಿಯೂ ಡ್ಯಾನ್ಯೂಬ್ ಇಂಗುತ್ತದೆ, ಅಲ್ಲಿ ಹಾಕಿದ ಬಣ್ಣವೂ 1908ರಲ್ಲಿ ಆಖ್‌ನಲ್ಲೇ ಎದ್ದಿತು. 1967ರಿಂದ 1969ರವರೆಗೆ ಈ ಪ್ರದೇಶದಲ್ಲಿ ಹಲವು ಬಗೆಯ ಪತ್ತೆಪದಾರ್ಥಗಳನ್ನು ಒಟ್ಟಿಗೆ ಬಳಸಿ ದೊಡ್ಡ ಪ್ರಮಾಣದ ಪರೀಕ್ಷೆಗಳು ನಡೆದವು. ಒಂದೇ ಹೊತ್ತಿನಲ್ಲಿ ಹಲವು ಬಿಲಗಳನ್ನು ಬೇರೆಬೇರೆ ಪದಾರ್ಥಗಳಿಂದ ಪರೀಕ್ಷಿಸಿದರೆ ಹವೆಯೂ ಹರಿವೂ ಎಲ್ಲಕ್ಕೂ ಸಮಾನವಾಗಿರುತ್ತವೆ. ಬೇರೆಬೇರೆ ತಿಂಗಳ ಫಲಿತಾಂಶಗಳನ್ನು ಹೋಲಿಸುವ ಗೋಜಲು ತಪ್ಪುತ್ತದೆ.

ತೀರ್ಪು

ಜಗಳ ಗಿರಣಿಗಳಿಂದ ಸರ್ಕಾರಗಳಿಗೆ ಏರಿತು. ವುರ್ಟೆಂಬರ್ಗ್ ಜೊತೆ ಪ್ರಷ್ಯವೂ ಸೇರಿಕೊಂಡಿತು, ಏಕೆಂದರೆ ಕೆಳಗಿನ ಸಿಗ್ಮರಿಂಗೆನ್ ಭಾಗ ಆಗ ಪ್ರಷ್ಯದ ಆಳ್ವಿಕೆಯಲ್ಲಿತ್ತು. ಜರ್ಮನಿಯ ರಾಜ್ಯಗಳ ನಡುವಿನ ವ್ಯಾಜ್ಯ ಕೇಳುತ್ತಿದ್ದ ನ್ಯಾಯಾಲಯ 1927ರ ಜೂನ್‌ನಲ್ಲಿ ಆದೇಶ ಕೊಟ್ಟಿತು. ನದಿ ಸಹಜವಾಗಿ ಇಂಗುವುದನ್ನು ಎರಡೂ ಕಡೆಯವರು ಸಹಿಸಿಕೊಳ್ಳಬೇಕು. ಕಟ್ಟೆ ಮುಂತಾದ ಕೆಲಸಗಳಿಂದ ಇಂಗುವಿಕೆಯನ್ನು ಹೆಚ್ಚಿಸುವುದಾಗಲಿ ತಡೆಯುವುದಾಗಲಿ ಕೂಡದು. ಹೇಳಲು ಚೊಕ್ಕ, ಜಾರಿ ಮಾಡಲು ಕಷ್ಟದ ಆದೇಶ. ಸಹಜ ಎಂಬುದರ ಗಡಿ ಎಲ್ಲಿ? ಕಟ್ಟೆಯಿಂದ ನೀರಿನ ಮಟ್ಟ ಅರ್ಧ ಮೀಟರ್ ಏರಿದರೆ ಪಾತ್ರದ ಅಂಚಿನ ಹೊಸ ಬಿರುಕುಗಳೂ ನೀರು ಕುಡಿಯತೊಡಗುತ್ತವೆ. ಪ್ರವಾಹ ತಂದ ಹೂಳು ಒಂದು ಬಿಲ ಮುಚ್ಚಿದರೆ ಮುಂದಿನ ಪ್ರವಾಹ ಇನ್ನೊಂದನ್ನು ತೆರೆಯುತ್ತದೆ. ಬಂಡೆಯಂತೂ ಕರಗುತ್ತಲೇ ಇದೆ, ಅಂದರೆ ಸಹಜ ಇಂಗುವಿಕೆ ತಾನೇ ವರ್ಷದಿಂದ ವರ್ಷಕ್ಕೆ ಬದಲಾಗುವ ಅಂಕಿ.

ಗಿರಣಿಗಳ ಕಾಲ ಮುಗಿದ ಮೇಲೆ ಪ್ರಶ್ನೆ ನೀರಿನ ಪ್ರಮಾಣದಿಂದ ಗುಣಮಟ್ಟಕ್ಕೆ ಬಂತು. ಕುಡಿಯುವ ನೀರಿನ ಮೂಲದ ಸುತ್ತ ನೀರು 50 ದಿನಗಳಲ್ಲಿ ಕ್ರಮಿಸುವ ದೂರದವರೆಗೆ ಬಿಗಿ ರಕ್ಷಣಾವಲಯ ಇರಬೇಕೆಂಬುದು ಜರ್ಮನಿಯ ರೂಢಿ. ಅಷ್ಟು ದಿನ ನೆಲದಡಿಯಲ್ಲಿದ್ದರೆ ರೋಗಕಾರಕ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ ಎಂಬ ಲೆಕ್ಕ ಅದು. ಮರಳುನೆಲದಲ್ಲಿ ಆ ಗೆರೆ ಬಾವಿಯಿಂದ ಕೆಲವು ನೂರು ಮೀಟರ್ ಒಳಗೇ ಮುಗಿಯುತ್ತದೆ. ಆಖ್‌ನಂಥ ಬುಗ್ಗೆಗೆ ಅದೇ ಗೆರೆ ಎಳೆಯಹೊರಟರೆ ಇಡೀ ಮೇಲ್ಡ್ಯಾನ್ಯೂಬ್ ಕಣಿವೆ, ಅದರ ಊರುಗಳು, ಚರಂಡಿಗಳು, ಹೊಲಗಳೆಲ್ಲ ಒಳಗೆ ಬೀಳುತ್ತವೆ. ಅದು ಆಗದ ಮಾತು. ಹೀಗಾಗಿ ಇಂಥ ಕಡೆ ವಲಯವನ್ನು ದಿನಗಳಿಂದ ಅಳೆಯುವುದು ಬಿಟ್ಟು, ನೀರು ನೇರವಾಗಿ ಒಳನುಗ್ಗುವ ಬಿಲ, ಕುಸಿತಗುಂಡಿ, ತೆಳುಮಣ್ಣಿನ ಬಂಡೆ ಇವನ್ನು ಒಂದೊಂದಾಗಿ ಗುರುತಿಸಿ ಕಾಯಬೇಕಾಗುತ್ತದೆ. ಮೇಲೆ ತ್ಯಾಜ್ಯನೀರು ಶುದ್ಧೀಕರಣ ಘಟಕ ಕೆಟ್ಟರೆ ಕೆಳಗಿನವರಿಗೆ ಸಿಗುವ ಸಮಯ ಎರಡೂವರೆ ದಿನ, ಹರಿವು ಹೆಚ್ಚಿದ್ದರೆ ಅದಕ್ಕಿಂತಲೂ ಕಡಿಮೆ. ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶಕ್ಕೆ ಒಂದು ದಿನ ಬೇಕು. ಹಾಗಾಗಿ ಫೋನ್ ಹೋಗಬೇಕಾದದ್ದು ಘಟಕ ಕೆಟ್ಟ ಹೊತ್ತಿಗೇ, ಫಲಿತಾಂಶ ಬಂದ ಮೇಲಲ್ಲ.